ಕೇಳಿಸಿಕೊಳ್ಳುವ ಕಸುಬು

ವರದಿಗಾರಿಕೆಯ ಜೀವಾಳ ಕೇಳಿಸಿಕೊಳ್ಳುವ ಕಿವಿ. ಈ ಕಸುಬನ್ನು ಕನ್ನಡದ ಹೆಣ್ಣುಮಕ್ಕಳು ಯಾರ ಕೃಪೆಯಿಂದಲೂ ಪಡೆದದ್ದಲ್ಲ. ನಂಜನಗೂಡು ತಿರುಮಲಾಂಬ ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನು ತಾವೇ ಸಂಪಾದಿಸಿ ಹೊರತಂದರು, ಆರ್. ಕಲ್ಯಾಣಮ್ಮ 1921ರಲ್ಲಿ ಆರಂಭಿಸಿದ ‘ಸರಸ್ವತಿ’ಯನ್ನು ನಾಲ್ಕು ದಶಕ ನಡೆಸಿದರು. ಆ ಸಾಲಿನಲ್ಲೇ ಹಾಸನದ ಬಾನು ಮುಷ್ತಾಕ್ ಎಂಬತ್ತರ ದಶಕದಲ್ಲಿ ‘ಲಂಕೇಶ್ ಪತ್ರಿಕೆ’ಗೆ ವರದಿಗಾರ್ತಿಯಾಗಿ ದುಡಿದರು.

ಪತ್ರಿಕೆಯ ಬರಹ ಮರುದಿನವೇ ರದ್ದಿ, ಬಾನು ಅವರ ಹಿರಿಮೆಯೆಲ್ಲ ಕಥೆಗಳದ್ದು ಎನ್ನುವವರಿದ್ದಾರೆ. ಆದರೆ ‘ಎದೆಯ ಹಣತೆ’ ಕಥೆಯ ಮೆಹರುನ್ ಸೀಮೆಎಣ್ಣೆ ಸುರಿದುಕೊಂಡು ನಿಂತ ಗಳಿಗೆಯನ್ನೇ ನೋಡಿ: ಹಸುಗೂಸನ್ನು ಎತ್ತಿಕೊಂಡು ಬಂದ ಮಗಳು ಅಮ್ಮನನ್ನು ತಡೆಯುತ್ತಾಳೆ. ತೀರ್ಪು ಕೊಡದೆ ಕಂಡದ್ದನ್ನು ಕಂಡಂತೆ ಹೇಳುವ ಆ ಸಂಯಮ ಪಳಗಿದ ವರದಿಗಾರ್ತಿಯದು. ದೀಪಾ ಭಾಸ್ತಿ ಅನುವಾದಿಸಿದ ಬಾನು ಅವರ ಕಥೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು; ರದ್ದಿಯಾದದ್ದು ಕಾಗದ ಮಾತ್ರ, ಕಸುಬಲ್ಲ. ಹೊತ್ತುಗೊತ್ತಿಲ್ಲದೆ ಊರೂರು ಅಲೆಯುವುದು ಹೆಣ್ಣಿಗೆ ಆಗದ ಕೆಲಸ ಎಂಬ ಮಾತೂ ಇದೆ. ಆದರೆ ಕೊರತೆ ಇರುವುದು ಕಡೆಯ ಬಸ್ಸಿನಲ್ಲಿ, ಬೀದಿದೀಪದಲ್ಲಿ, ಸಂಬಳದಲ್ಲಿ, ಹೆಣ್ಣಿನಲ್ಲಲ್ಲ. ಬಾನು ಅವರದೇ ಜಿಲ್ಲೆಯ ಗೆಂಡೆಹಳ್ಳಿಯಂಥ ಊರುಗಳ ತೋಟದ ಕೂಲಿಯ ಮಾತು ಅಚ್ಚಾಗಬೇಕಾದರೆ, ಆ ಊರಿನ ಹುಡುಗಿಯ ಕೈಗೆ ಪೆನ್ನಿನ ಜೊತೆಗೆ ನ್ಯಾಯವಾದ ಸಂಬಳವನ್ನೂ ಕೊಡಿ.