ಅಂತೋಣಿಯಮ್ಮ: ಒಂದು ಹೆಸರಿನ ವಂಶಾವಳಿ

ಹಳೆ ಮೈಸೂರು ಸೀಮೆಯ ಕನ್ನಡ ಕಥೋಲಿಕರ ಮನೆಗಳಲ್ಲಿ ಹಿರಿಯ ತಲೆಮಾರಿನ ಹೆಂಗಸರಿಗೆ ಇರುವ ಅಂತೋಣಿಯಮ್ಮ ಎಂಬ ಹೆಸರನ್ನು ಪೋರ್ಚುಗೀಸರ ‘ಅಂತೋನಿಯಾ’ದ ಕನ್ನಡ ರೂಪವೆಂದು ಹೇಳಿ ಮುಗಿಸುವುದು ಸುಲಭ, ಹೆಸರನ್ನು ಬಿಡಿಸಿ ನೋಡಿದರೆ ಆ ವಿವರಣೆ ನಿಲ್ಲುವುದಿಲ್ಲ. ಪೋರ್ಚುಗೀಸಿನಲ್ಲಿ ‘ಅಂತೋನಿಯೊ’ ಎಂಬ ಗಂಡುಹೆಸರಿನ ಕೊನೆಯ ಸ್ವರ ‘ಆ’ ಆದರೆ ಹೆಣ್ಣುಹೆಸರು ಸಿದ್ಧ. ಕನ್ನಡ ಆ ಪ್ರತ್ಯಯವನ್ನು ಮುಟ್ಟಲಿಲ್ಲ. ಸಂತ ಅಂತೋಣಿಯ ಹೆಸರನ್ನಷ್ಟೇ ಪಡೆದು, ನಂಜುಂಡನಿಂದ ನಂಜಮ್ಮನನ್ನೂ ಮಾದಪ್ಪನಿಂದ ಮಾದಮ್ಮನನ್ನೂ ಕಟ್ಟಿದ ತನ್ನ ಕ್ರಮದಲ್ಲೇ ‘ಅಮ್ಮ’ನನ್ನು ಸೇರಿಸಿತು. ಹೆಸರಿನ ನಡುವಿನ ‘ಣ’ಕಾರವೂ ಗಮನಾರ್ಹ: ತಮಿಳಿನ ‘ಅಂದೋಣಿ’ಯಲ್ಲಿಯೂ ಇರುವ ಈ ಅಕ್ಷರ, ಹೆಸರು ತಮಿಳು ಕ್ರೈಸ್ತರ ನಾಲಿಗೆಯ ಮೇಲಿಂದ ಇಲ್ಲಿಗೆ ಬಂದಿರಬೇಕೆಂಬುದನ್ನು ಸೂಚಿಸುತ್ತದೆ. ಕ್ಸೇವಿಯರ್‌ನಿಂದಾದ ಚೌರಮ್ಮ, ಇಗ್ನೇಷಿಯಸ್‌ನ ಪೋರ್ಚುಗೀಸ್ ರೂಪವಾದ ಇನಾಸಿಯೊದಿಂದಾದ ಇನ್ನಾಸಮ್ಮ ಇದೇ ದಾರಿಯವರು.

ಹೆಸರುಗಳ ಪಟ್ಟಿ ಕೊಡುವ ಜನಪ್ರಿಯ ಪುಸ್ತಕಗಳು ಅಂತೋನಿಯಾಗೆ ‘ಹೂವು’, ‘ಬೆಲೆಕಟ್ಟಲಾಗದವಳು’ ಎಂದು ಒಂದೊಂದೇ ಪದದಲ್ಲಿ ಅರ್ಥ ಹೇಳುವ ಪದ್ಧತಿ ಒಪ್ಪತಕ್ಕದ್ದಲ್ಲ. ಮೂಲವಾದ ಅಂತೋನಿಯಸ್ ಪ್ರಾಚೀನ ರೋಮಿನ ಒಂದು ಕುಲದ ಹೆಸರು. ಆ ಕುಲ ಹರ್ಕ್ಯುಲಿಸನ ಮಗ ಆಂಟನ್‌ನಿಂದ ಹುಟ್ಟಿತೆಂಬ ಕಥೆಯನ್ನು ಪ್ಲುಟಾರ್ಕ್ ಹೇಳಿದ್ದಾನೆ, ರೋಮಿಗಿಂತ ಹಿಂದಿನ ಎಟ್ರುಸ್ಕನ್ ಭಾಷೆಯ ಮೂಲವನ್ನು ವಿದ್ವಾಂಸರು ಊಹಿಸುತ್ತಾರೆ, ಪದದ ಅರ್ಥ ಮಾತ್ರ ಖಚಿತವಿಲ್ಲ. ಹೂವೆಂಬ ಅರ್ಥದ ಗ್ರೀಕ್ ‘ಆಂಥೋಸ್’ ಜೊತೆಗಿನ ನಂಟು ಬಹಳ ಕಾಲದ ನಂತರ ಹುಟ್ಟಿದ ತಪ್ಪು. ಸಂತನಂತೂ ಈ ಹೆಸರನ್ನು ಹುಟ್ಟಿನಿಂದ ಪಡೆದವನಲ್ಲ: 1195ರಲ್ಲಿ ಲಿಸ್ಬನ್ನಿನಲ್ಲಿ ಹುಟ್ಟಿದಾಗ ಅವನು ಫೆರ್ನಾಂಡೊ, 1220ರಲ್ಲಿ ಫ್ರಾನ್ಸಿಸ್ಕನ್ ಸಂನ್ಯಾಸಿಯಾದಾಗ ಈಜಿಪ್ಟಿನ ವಿರಕ್ತ ಅಂತೋಣಿಯ ಹೆಸರನ್ನು ಭಕ್ತಿಯಿಂದ ತೆಗೆದುಕೊಂಡನು.

ಈ ಭಕ್ತಿಯ ಎಳೆಯೇ ಕೆ.ಆರ್. ನಗರ ಸೀಮೆಯ ಡೋರ್ನಹಳ್ಳಿಯಲ್ಲಿರುವ ಸಂತ ಅಂತೋಣಿಯ ಗುಡಿಯವರೆಗೆ ಬಂದಿದೆ. ಹೊಲ ಉಳುವ ರೈತನಿಗೆ ಸಂತನ ಮರದ ಪ್ರತಿಮೆ ಸಿಕ್ಕಿತೆಂಬ ಅಲ್ಲಿನ ಐತಿಹ್ಯ, ನೇಗಿಲಿಗೆ ದೇವರು ಸಿಕ್ಕ ಅನೇಕ ಗ್ರಾಮದೇವತೆಗಳ ಕಥೆಯ ಅಚ್ಚಿನಲ್ಲೇ ಇದೆ. ತೋಳಿನಲ್ಲಿ ಬಾಲಯೇಸುವನ್ನು ಎತ್ತಿಕೊಂಡ ಸಂತನ ಮುಂದೆ ಮಕ್ಕಳಿಲ್ಲದವರು, ಬೇರೆ ಮತದವರೂ, ಮಂಗಳವಾರಗಳಂದು ಹರಕೆ ಹೊರುತ್ತಾರೆ. ಜೂನ್ 13 ಅವನ ಹಬ್ಬ. 2019ರಲ್ಲಿ ಬಸಿಲಿಕಾ, ಎಂದರೆ ಪೋಪರಿಂದ ವಿಶೇಷ ಮನ್ನಣೆ ಪಡೆದ ದೇವಾಲಯ, ಎಂಬ ಪದವಿ ಈ ಗುಡಿಗೆ ದೊರಕಿತು. ಪಿರಿಯಾಪಟ್ಟಣದಲ್ಲಿ ಮಸಣಿಕಮ್ಮನಿಗೂ ಎಚ್.ಡಿ. ಕೋಟೆಯಲ್ಲಿ ಚಿಕ್ಕದೇವಮ್ಮನಿಗೂ ನಡೆದುಕೊಳ್ಳುವ ಮನೆಗಳಲ್ಲಿ ಮಗುವಿನ ಹೆಸರು ಹೇಗೆ ದೇವರಿಗೆ ತೀರಿಸಿದ ಋಣವೋ, ಅಂತೋಣಿಯಮ್ಮ ಎಂಬ ಹೆಸರೂ ಹಾಗೆಯೇ. ಆ ಹೆಸರಿನ ನಿಜವಾದ ಅರ್ಥ ಈ ಋಣವೇ.

ಈ ಪರಂಪರೆಗೆ ಕೊರತೆಯೂ ಉಂಟು. ಸಂತನನ್ನು ಇಷ್ಟು ಪೂರ್ತಿಯಾಗಿ ತನ್ನವನನ್ನಾಗಿ ಮಾಡಿಕೊಂಡದ್ದರಿಂದ ಲಿಸ್ಬನ್ ಮರೆಯಾಯಿತು; ಚರ್ಚಿನ ಹಳೆಯ ಲ್ಯಾಟಿನ್ ಜ್ಞಾನಸ್ನಾನ ದಾಖಲೆಯ ‘ಅಂತೋನಿಯಾ’ಳೂ ಮನೆಯ ಅಂತೋಣಿಯಮ್ಮನೂ ಒಬ್ಬಳೇ ಎಂದು ಗುರುತಿಸುವುದು ವಂಶ ಹುಡುಕುವವರಿಗೆ ಕಷ್ಟ. ಮಂಗಳೂರಿನ ಕೊಂಕಣಿ ಕಥೋಲಿಕರಲ್ಲಿ ಪಿಂಟೊ, ಲೋಬೊಗಳಂಥ ಪೋರ್ಚುಗೀಸ್ ಕುಲನಾಮಗಳು ಉಳಿದು ಆ ಜಾಡನ್ನು ಕಾಯ್ದಿವೆ. ಇಲ್ಲಿ ಅಂಥ ಕುಲನಾಮ ಅಪರೂಪ. ಆದರೂ ಈಚಿನ ಹುಡುಗಿಯರಿಗೆ ಇಂಗ್ಲಿಷ್ ಮೂಲಕ ‘ಆಂಟೋನಿಯಾ’ ಎಂದು ಹೆಸರಿಡುವಾಗ, ಕನ್ನಡ ಇಷ್ಟು ಕಾಲ ಬೇಡವೆಂದ ಆ ‘ಆ’ಕಾರ ಬಂದು, ನಂಜಮ್ಮ ಮಾದಮ್ಮರ ಸಾಲಿನಲ್ಲಿ ಅಂತೋಣಿಯಮ್ಮನನ್ನು ಕೂರಿಸಿದ್ದ ‘ಅಮ್ಮ’ ಜಾರಿಹೋಗುತ್ತದೆ.