ಬಣ್ಣದಡಿಯ ಚಿನ್ನ

ಹಳೆಯ ಹಕ್ಕಿಚಿತ್ರಗಳ ಹುಚ್ಚು ಹತ್ತಿದವರು ಇಂದಲ್ಲ ನಾಳೆ ಜಾನ್ ಗೂಲ್ಡ್ ಬಳಿಗೆ ಬಂದೇ ಬರುತ್ತಾರೆ. ಲಂಡನ್ನಿನ ಈ ಪಕ್ಷಿತಜ್ಞ ಹಮ್ಮಿಂಗ್‌ಬರ್ಡ್‌ಗಳ ಬಗ್ಗೆ 1849ರಿಂದ 1861ರವರೆಗೆ ಕಂತುಗಳಲ್ಲಿ ಹೊರತಂದ ಗ್ರಂಥದಲ್ಲಿ ಐದು ಸಂಪುಟ, 360 ಚಿತ್ರಗಳಿವೆ. ಎಲ್ಲವೂ ಕಲ್ಲಚ್ಚಿನವು, ಕೈಯಿಂದಲೇ ಬಣ್ಣ ತುಂಬಿದವು. ಅವುಗಳಲ್ಲಿ ಒಂದನ್ನು ಆರಿಸಿಕೋ ಎಂದರೆ ನಾನು ಕೈಯಿಡುವುದು ಪೆರುವಿನ ಲೊಡ್ಡಿಜೀಸಿಯಾ ಮಿರಾಬಿಲಿಸ್ ಎಂಬ ಹಮ್ಮಿಂಗ್‌ಬರ್ಡ್‌ ಮೇಲೆ.

ಇದರ ವೈಭವವೆಲ್ಲ ಬಾಲದಲ್ಲಿ. ಹಮ್ಮಿಂಗ್‌ಬರ್ಡ್‌ಗಳಿಗೆ ಸಾಮಾನ್ಯವಾಗಿ ಹತ್ತು ಬಾಲದ ಗರಿ, ಇದಕ್ಕೆ ನಾಲ್ಕೇ. ಗಂಡಿನಲ್ಲಿ ಹೊರಗಿನ ಎರಡು ಗರಿಗಳು ದೇಹಕ್ಕಿಂತ ಉದ್ದಕ್ಕೆ ಸಣ್ಣಗೆ ಬೆಳೆದು, ಒಂದನ್ನೊಂದು ದಾಟಿ, ತುದಿಯಲ್ಲಿ ನೀಲಿ-ನೇರಳೆ ಬಿಲ್ಲೆಗಳಾಗುತ್ತವೆ. ಆಂಡ್ರ್ಯೂ ಮ್ಯಾಥ್ಯೂಸ್ ಎಂಬ ಸಂಗ್ರಾಹಕ 1835ರಲ್ಲಿ ಚಾಚಾಪೋಯಾಸ್ ಸೀಮೆಯಲ್ಲಿ ಇದನ್ನು ಹಿಡಿದು, ಲಂಡನ್ನಿನ ಸಸಿ ವ್ಯಾಪಾರಿ ಜಾರ್ಜ್ ಲೊಡ್ಡಿಜಸ್‌ಗೆ ಕಳಿಸಿದ. ಮುಂದೆ ದಶಕಗಟ್ಟಲೆ ಯುರೋಪಿನಲ್ಲಿದ್ದದ್ದು ಆ ಒಂದೇ ಮಾದರಿ. ಗೂಲ್ಡ್‌ಗೂ ಅದೇ ಆಧಾರ.

ಹಮ್ಮಿಂಗ್‌ಬರ್ಡ್‌ನ ಕೊರಳ ಹೊಳಪು ಬರೀ ಬಣ್ಣದ್ದಲ್ಲ. ಗರಿಯೊಳಗಿನ ಅತಿಸೂಕ್ಷ್ಮ ಪದರಗಳು ಬೆಳಕನ್ನು ಆಡಿಸುವುದರಿಂದ ಬರುವಂಥದು. ಸಾದಾ ಬಣ್ಣ ಬಳಿದರೆ ಅದು ಮಂಕಾಗಿಯೇ ಉಳಿಯುತ್ತದೆ. ಅದಕ್ಕೆ ಗೂಲ್ಡ್ ಚಿನ್ನದ ರೇಕು ಅಂಟಿಸಿ, ಅದರ ಮೇಲೆ ಪಾರದರ್ಶಕ ಬಣ್ಣ ಹಾಗೂ ವಾರ್ನಿಷ್ ಹಚ್ಚಿಸಿದ. ನಮ್ಮ ಮೈಸೂರು ಶೈಲಿಯ ಚಿತ್ರಗಳಲ್ಲಿ ಚಿನ್ನ ಮೇಲೆದ್ದು ಕಾಣುತ್ತದೆ; ಇಲ್ಲಿ ಅದು ಬಣ್ಣದ ಕೆಳಗಿದ್ದೇ ಕೆಲಸ ಮಾಡುತ್ತದೆ. ಮೂಲಪ್ರತಿ ನೋಡುವ ಅವಕಾಶ ಸಿಕ್ಕರೆ ಹಾಳೆಯನ್ನು ನೇರ ನೋಡಬೇಡಿ, ಓರೆಯಿಂದ ನೋಡಿ. ಕಣ್ಣು ಸರಿದಂತೆ ಕೊರಳು ಹೊತ್ತಿಕೊಳ್ಳುತ್ತದೆ, ಆರುತ್ತದೆ. ಸ್ಕ್ಯಾನ್ ಮಾಡಿದ ಚಿತ್ರದಲ್ಲಿ ಈ ಆಟ ಇಲ್ಲ.

ಆದರೆ ಹಕ್ಕಿಯ ಭಂಗಿಯನ್ನು ನಂಬುವ ಮೊದಲು ಸ್ವಲ್ಪ ತಡೆಯಿರಿ. 1851ರಲ್ಲಿ ಲಂಡನ್ ಮೃಗಾಲಯದಲ್ಲಿ ಗೂಲ್ಡ್ ಏರ್ಪಡಿಸಿದ್ದ, ವಿಕ್ಟೋರಿಯಾ ರಾಣಿಯೂ ಬಂದು ನೋಡಿದ ಪ್ರದರ್ಶನದಲ್ಲಿದ್ದವೆಲ್ಲ ತುಂಬಿಟ್ಟ ಹಕ್ಕಿಗಳು. ಜೀವಂತ ಹಮ್ಮಿಂಗ್‌ಬರ್ಡ್ ಆತನ ಕಣ್ಣಿಗೆ ಬಿದ್ದದ್ದು 1857ರಲ್ಲಿ, ಫಿಲಡೆಲ್ಫಿಯಾದ ಬಾರ್ಟ್ರಮ್ ತೋಟದಲ್ಲಿ. ಅಷ್ಟರಲ್ಲಿ ಗ್ರಂಥದ ಕಂತುಗಳು ಹೊರಬರತೊಡಗಿ ಎಂಟು ವರ್ಷವಾಗಿತ್ತು! ಲೊಡ್ಡಿಜೀಸಿಯಾದ ಗಂಡು ಹೆಣ್ಣಿನೆದುರು ಗಾಳಿಯಲ್ಲಿ ನಿಂತು, ಆ ಬಿಲ್ಲೆಗಳನ್ನು ಬೀಸಿ ಕುಣಿಯುತ್ತದೆ. ಪೋಲೆಂಡಿನ ಪಕ್ಷಿತಜ್ಞ ಸ್ಟೋಲ್ಟ್ಸ್‌ಮನ್ ಇದನ್ನು ಮತ್ತೆ ಕಂಡ ಮೇಲೆ, ಅದರ ನಡವಳಿಕೆಯ ವಿವರ 1881ರಲ್ಲಿ ಪ್ರಕಟವಾಯಿತು. ಗೂಲ್ಡ್ ತೀರಿಕೊಂಡದ್ದೂ ಅದೇ ವರ್ಷ.

ಹಾಗಾಗಿ ಗರಿಯ ಬಣ್ಣಕ್ಕೆ, ಹೊಳಪಿಗೆ ಗೂಲ್ಡ್‌ನನ್ನು ಕಣ್ಣುಮುಚ್ಚಿ ನಂಬಬಹುದು. ಹಾರಾಟಕ್ಕೆ ಮಾತ್ರ ಆತನನ್ನು ಸಾಕ್ಷಿ ಕರೆಯಬಾರದು. ಪೆರುವಿನ ಉಟ್ಕುಬಾಂಬಾ ಕಣಿವೆಯಲ್ಲಿ ಈ ಹಕ್ಕಿ ಇಂದಿಗೂ ಇದೆ, ಅದರ ಕುಣಿತದ ವಿಡಿಯೊಗಳೂ ಸಿಗುತ್ತವೆ. ಅದನ್ನೊಮ್ಮೆ ನೋಡಿಕೊಂಡು ಗೂಲ್ಡ್‌ನ ಚಿತ್ರಕ್ಕೆ ಬನ್ನಿ. ಆತ ಎಷ್ಟು ಕಡಿಮೆ ನೋಡಿ ಎಷ್ಟು ಸಾಧಿಸಿದ ಎಂಬುದು ಆಗ ತಿಳಿಯುತ್ತದೆ.