ಹೆಸರೋ, ಬರಹವೋ? ಫ್ಲಾಂಡರ್ಸ್‌ನ ಯುದ್ಧನಕ್ಷೆಗಳ ಸ್ಥಳನಾಮಗಳು

ಮೊದಲ ಮಹಾಯುದ್ಧದ ಬ್ರಿಟಿಷ್ ಕಂದಕ ನಕ್ಷೆಗಳನ್ನು ಇಂದಿನ ಬೆಲ್ಜಿಯಂ ನಕ್ಷೆಗಳೊಡನೆ ಹೋಲಿಸುವಾಗ ‘ಹಳೆಯ ಹೆಸರು’, ‘ಹೊಸ ಹೆಸರು’ ಎಂಬ ಎರಡು ಅಂಕಣಗಳ ಪಟ್ಟಿಯನ್ನು ಸಿದ್ಧಪಡಿಸುವುದು ವಾಡಿಕೆ. ಈ ವಿಂಗಡಣೆ ಮೂರು ಭಿನ್ನ ವಿದ್ಯಮಾನಗಳನ್ನು ಒಂದಾಗಿಸುತ್ತದೆ ಎಂಬುದೇ ಇಲ್ಲಿನ ಆಕ್ಷೇಪ.

‘ಈಪ್ರ್’–‘ಈಪರ್’ ಜೋಡಿಯಲ್ಲಿ ಬದಲಾದುದು ಊರಿನ ಹೆಸರಲ್ಲ, ನಕ್ಷೆ ಆಯ್ದುಕೊಂಡ ಭಾಷೆ: ಮೊದಲನೆಯದು ಫ್ರೆಂಚ್ ರೂಪ, ಎರಡನೆಯದು ಡಚ್ ರೂಪ. ‘ಮೆಸೀನ್’–‘ಮೇಸೆನ್’ ಜೋಡಿಯೂ ಇದೇ ವರ್ಗದ್ದು. 1917ರ ಕದನದಿಂದ ಪ್ರಸಿದ್ಧವಾದ ಪಾಸೆಂಡಾಲೆಯ ಸ್ಥಿತಿ ಬೇರೆ. ಅಲ್ಲಿ ಎರಡೂ ರೂಪಗಳು ಡಚ್ಚಿನವೇ. ಹಳೆಯ ಬರಹದ ‘ಸಿಎಚ್’ ಬಿದ್ದುಹೋಗಿದೆ, ‘ಎಇ’ ಒಂಟಿ ‘ಎ’ ಆಗಿದೆ. ಇದು ಕೇವಲ ಕಾಗುಣಿತದ ಪರಿಷ್ಕರಣೆ.

ಮೂರನೆಯದು ಸೈನಿಕರ ಬಾಯಿಯ ರೂಪ. ‘ಪ್ಲೂಖ್‌ಸ್ಟೇರ್ಟ್’ ಅವರಲ್ಲಿ ‘ಪ್ಲಗ್‌ಸ್ಟ್ರೀಟ್’ ಆಯಿತು. ಅಪರಿಚಿತ ಧ್ವನಿಗಳನ್ನು ಪರಿಚಿತ ಪದಗಳಿಗೆ ಒಗ್ಗಿಸಿಕೊಂಡ ಜನಪದ ನಿಷ್ಪತ್ತಿಯಿದು. 1963ರಿಂದ ಈ ಗ್ರಾಮ ಫ್ರೆಂಚ್ ಭಾಷಿಕ ಹೈನೋ ಪ್ರಾಂತ್ಯಕ್ಕೆ ಸೇರಿದೆ. ಹೆಸರು ಮಾತ್ರ ಡಚ್ಚಿನದಾಗಿಯೇ ಉಳಿದಿದೆ. ಆದ್ದರಿಂದ ನಕ್ಷೆಯ ಹೆಸರಿನಿಂದ ಅಲ್ಲಿನವರ ಭಾಷೆಯನ್ನು ಊಹಿಸುವುದೂ ಸಾಧುವಲ್ಲ.

‘ಹೊಸ ಹೆಸರು’ ಎಂಬ ಶೀರ್ಷಿಕೆ ನಿರಪಾಯಕಾರಿಯಲ್ಲ. ನಕ್ಷೆಗಾರ ದಾಖಲಿಸದಿದ್ದಾಗಲೂ ಸ್ಥಳೀಯರು ಆಡುತ್ತಲೇ ಇದ್ದ ರೂಪವನ್ನು ಅದು ಯುದ್ಧಾನಂತರದ ಸೃಷ್ಟಿಯೆಂಬಂತೆ ತೋರಿಸುತ್ತದೆ. ಪ್ರತಿ ನಮೂದಿನಲ್ಲೂ ರೂಪದ ಭಾಷೆ, ಕಾಗುಣಿತದ ಪದ್ಧತಿ, ಬಳಸಿದ ಸಮುದಾಯ ಇವು ಪ್ರತ್ಯೇಕವಾಗಿ ದಾಖಲಾಗಬೇಕು. ಅಲ್ಲಿಯವರೆಗೆ ಇಂಥ ಪಟ್ಟಿಗಳು ದಾರಿ ಹುಡುಕುವವರಿಗೆ ನೆರವಾದಾವು, ನಾಮವಿಜ್ಞಾನಕ್ಕೆ ಆಧಾರವಾಗಲಾರವು.